ನೆರೆಯವಳ ಕಂತು ಮತ್ತು ನಮ್ಮ ಹೊಣೆ

ಈ ತಿಂಗಳಿನ ಪಾಠಕ್ಕಾಗಿ ನೆಹೆಮೀಯನ ಗ್ರಂಥದ ೫ನೆಯ ಅಧ್ಯಾಯವನ್ನು ತೆರೆದುಕೊಳ್ಳಿರಿ. ಬರಗಾಲದಲ್ಲಿ ಧಾನ್ಯಕ್ಕಾಗಿಯೂ ಅರಸನ ಕಂದಾಯಕ್ಕಾಗಿಯೂ ಸಾಲಮಾಡಿ, ಹೊಲಗಳನ್ನೂ ತೋಟಗಳನ್ನೂ ಒತ್ತೆಯಿಟ್ಟು, ಕಡೆಗೆ ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಿದ ಜನರ ಮೊರೆಯು ಅಲ್ಲಿ ಬರೆಯಲ್ಪಟ್ಟಿದೆ. ಸಾಲ ಕೊಟ್ಟವರು ಪರದೇಶಿಗಳಲ್ಲ, ಅವರ ಸ್ವಂತ ಸಹೋದರರೇ. ಓದುವವರು ಹೆಚ್ಚಾಗಿ ಗಮನಿಸದೆ ಬಿಡುವ ಸಂಗತಿ ಒಂದುಂಟು. ಅದೇನಂದರೆ, ದೊಡ್ಡವರನ್ನು ಗದರಿಸಿದ ನೆಹೆಮೀಯನು, ತಾನೂ ತನ್ನವರೂ ಸಾಲ ಕೊಟ್ಟವರೇ ಎಂಬದನ್ನು ಅದೇ ಸಭೆಯಲ್ಲಿ ಒಪ್ಪಿಕೊಂಡನು. ನಾವು ಸಹ ಅಲ್ಲಿಂದಲೇ ಆರಂಭಿಸಬೇಕಾಗಿದೆ.

ನಮ್ಮ ಪ್ರಾರ್ಥನಾಲಯದ ಜಗಲಿಗೆ ಒಳ್ಳೇ ನೆರಳುಂಟು. ಎರಡು ವರುಷಗಳಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಒಂದು ಮೈಕ್ರೋ ಫೈನಾನ್ಸ್ ಸಂಸ್ಥೆಯವರು ಅಲ್ಲಿ ಹೆಂಗಸರನ್ನು ಕೂಡಿಸಿ ಕಂತು ಎತ್ತುತ್ತಿದ್ದರು. ಸ್ಥಳ ಕೇಳಿದಾಗ ಕೊಟ್ಟವರು ನಾವೇ. ಒಂದು ಮಂಗಳವಾರ ಹತ್ತು ಮಂದಿಯಲ್ಲಿ ಒಬ್ಬಾಕೆ ಬರಲಿಲ್ಲ. ಆಕೆಯ ಕಂತು ಸೇರುವ ತನಕ ಯಾರೂ ಏಳಕೂಡದೆಂದು ವಸೂಲಿಯವನು ಹೇಳಿದನು. ಕೂಲಿಗೆ ಹೋಗಬೇಕಾದವರೂ ಹಾಲು ಕುಡಿಯುವ ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬಂದವರೂ ಅವರಲ್ಲಿದ್ದರು. ಹೊತ್ತೇರಿದ ಮೇಲೆ ಒಂಬತ್ತು ಮಂದಿಯೂ ಎದ್ದು ಆಕೆಯ ಬಾಗಿಲಿಗೆ ಹೋದರು. ಅಲ್ಲಿ ಆಡಬಾರದ ಮಾತುಗಳನ್ನಾಡಿದವನು ಫೈನಾನ್ಸಿನವನಲ್ಲ; ಆಕೆಯ ಸಂಗಡ ಒಂದೇ ಪಾತ್ರೆಯಿಂದ ಪಾನಮಾಡಿದ ಸಭೆಯವರೇ. ನಾವಾದರೋ ಒಳಗೆ ಕುಳಿತು ಸಭೆಯ ಲೆಕ್ಕ ಬರೆಯುತ್ತಾ, ಇದು ಲೌಕಿಕ ವ್ಯವಹಾರ, ಉಪದೇಶಿಯ ಕೆಲಸವಲ್ಲ ಎಂದುಕೊಂಡೆವು. ಮುಂದಿನ ಆದಿತ್ಯವಾರ ಆಕೆ ಆರಾಧನೆಗೆ ಬರಲಿಲ್ಲ.

ನೆರೆಯವರೇ ಒಬ್ಬರಿಗೊಬ್ಬರು ಹೊಣೆಯಾಗುವದು ಹೊಸ ಸಂಗತಿಯಲ್ಲ, ಕೆಟ್ಟ ಸಂಗತಿಯೂ ಅಲ್ಲ. ೧೯೦೪ರ ಸಹಕಾರ ಕಾನೂನು ಹುಟ್ಟಿದ ಮರುವರುಷವೇ, ಅಂದರೆ ೧೯೦೫ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಬಿಡುಗಡೆಯಾಗಲು ಒಕ್ಕಲಿಗರು ಒಬ್ಬರಿಗೊಬ್ಬರು ಜಾಮೀನಾಗಿ ನಿಂತರು. ಬಂಗಾಳ ಸೀಮೆಯ ಜೋಬ್ರಾ ಎಂಬ ಹಳ್ಳಿಯಲ್ಲಿ ೧೯೭೬ರಲ್ಲಿ ಮುಹಮ್ಮದ್ ಯೂನುಸ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರು ಬಡ ಹೆಂಗಸರಿಗೆ ಒತ್ತೆಯಿಲ್ಲದೆ ಸಾಲ ಕೊಡಲಾರಂಭಿಸಿದರು. ಅದರಿಂದ ಗ್ರಾಮೀಣ ಬ್ಯಾಂಕು ಹುಟ್ಟಿತು, ೨೦೦೬ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಬಹುಮಾನವು ದೊರೆಯಿತು. ಆದರೆ ಕಣಗಿನಹಾಳದಲ್ಲಿ ಜಾಮೀನು ನಿಂತವರೇ ಸಂಘದ ಒಡೆಯರಾಗಿದ್ದರು. ಒಬ್ಬನ ಬೆಳೆ ಹೋದರೆ ಅವನಿಗೆ ತಾಳಿಕೊಳ್ಳುವ ಅಧಿಕಾರವೂ ಅವರಿಗಿತ್ತು. ನಮ್ಮ ಜಗಲಿಯಲ್ಲಿ ಕುಳಿತವರಿಗೆ ಹೊಣೆ ಮಾತ್ರ ಉಂಟು, ತಾಳ್ಮೆ ತೋರಿಸುವ ಅಧಿಕಾರವಿಲ್ಲ. ಭೇದವು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಈ ಸಾಲವು ಬಡವರನ್ನು ಎತ್ತುತ್ತದೋ ತಗ್ಗಿಸುತ್ತದೋ ಎಂಬ ವಿಷಯವಾಗಿ ಪಂಡಿತರು ಬಹಳ ಚರ್ಚಿಸಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಹೈದರಾಬಾದಿನ ೧೦೪ ಬಡ ಕೇರಿಗಳಲ್ಲಿ ನಡಿಸಿದ ಪರೀಕ್ಷೆಯು ೨೦೧೫ರಲ್ಲಿ ಪ್ರಕಟವಾಯಿತು. ಸಾಲ ಬಂದ ಕೇರಿಗಳಲ್ಲಿ ಕೆಲವರ ಸಣ್ಣ ವ್ಯಾಪಾರ ಬೆಳೆಯಿತು. ಮಕ್ಕಳ ವಿದ್ಯೆ, ಮನೆಯವರ ಆರೋಗ್ಯ, ಹೆಂಗಸರ ಅಧಿಕಾರ ಇವುಗಳಲ್ಲಿ ಹೇಳಿಕೊಳ್ಳತಕ್ಕ ವ್ಯತ್ಯಾಸ ಕಾಣಲಿಲ್ಲ. ಆದದರಿಂದ ಇದನ್ನು ಹೊಗಳುವವರೂ ತೆಗಳುವವರೂ ಸ್ವಲ್ಪ ತಗ್ಗಿ ಮಾತಾಡುವದು ಯುಕ್ತ. ಎಮ್ಮೆಯನ್ನಾಗಲಿ ಹೊಲಿಗೆಯ ಯಂತ್ರವನ್ನಾಗಲಿ ಕೊಂಡು ಬದುಕಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಮದುವೆಯ ಚಪ್ಪರಕ್ಕೂ ಬಾಡೂಟಕ್ಕೂ ತಂದವರೂ ಇದ್ದಾರೆ. ಇದಕ್ಕಿಂತ ಅಪಾಯಕರವಾದದ್ದು ಬೇರೊಬ್ಬರಿಗಾಗಿ ತನ್ನ ಹೆಸರಿನಲ್ಲಿ ಸಾಲ ತೆಗೆದುಕೊಡುವದು. ಹಣ ತಿಂದವನು ಊರು ಬಿಡುತ್ತಾನೆ, ಹೆಸರು ಕೊಟ್ಟವಳು ಕಂತು ಕಟ್ಟುತ್ತಾಳೆ.

ಬಡ್ಡಿಯ ಲೆಕ್ಕವನ್ನು ಪ್ರತಿಯೊಬ್ಬರೂ ಕಲಿಯತಕ್ಕದ್ದು. ೧೦,೦೦೦ ರೂಪಾಯಿ ಸಾಲಕ್ಕೆ ನೂರಕ್ಕೆ ೧೨ರಂತೆ ೧,೨೦೦ ರೂಪಾಯಿ ಬಡ್ಡಿ ಎಂದು ಹೇಳಿ, ವಾರಕ್ಕೆ ೨೨೪ರಂತೆ ೫೦ ವಾರ ಕಟ್ಟಿಸಿಕೊಂಡರು ಎಂದಿಟ್ಟುಕೊಳ್ಳಿರಿ. ವಾರ ವಾರವೂ ಅಸಲು ಇಳಿಯುತ್ತಾ ಬರುವದರಿಂದ, ವರುಷದಲ್ಲಿ ನಮ್ಮ ಕೈಯಲ್ಲಿ ಸರಾಸರಿ ಐದು ಸಾವಿರದ ಆಚೀಚೆ ಮಾತ್ರ ಇರುತ್ತದೆ. ಬಡ್ಡಿಯಾದರೋ ಪೂರ್ತಿ ಹತ್ತು ಸಾವಿರಕ್ಕೆ ಹಾಕಲ್ಪಟ್ಟದ್ದು. ಹೀಗೆ ಹನ್ನೆರಡು ಎಂದು ಹೇಳಿದ್ದು ನಿಜವಾಗಿ ನೂರಕ್ಕೆ ೨೪ರ ಹತ್ತಿರಕ್ಕೆ ಬರುತ್ತದೆ. ಒಂದು ಸಾಲ ತೀರಿಸಲು ಇನ್ನೊಂದನ್ನು ತೆಗೆದಾಗ ಗತಿ ಏನೆಂಬದನ್ನು ನೀವೇ ಎಣಿಸಿರಿ.

ಸರಕಾರವು ಇದನ್ನು ನೋಡದೆ ಇದ್ದದ್ದಿಲ್ಲ. ಆಂಧ್ರ ಸೀಮೆಯಲ್ಲಿ ಸಾಲದ ಉಪದ್ರವದಿಂದ ಆತ್ಮಹತ್ಯೆಗಳಾದವೆಂಬ ವರದಿಗಳು ಬಂದಾಗ ೨೦೧೦ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರವು ಆಜ್ಞೆಯನ್ನು ಹೊರಡಿಸಿತು. ನಮ್ಮ ಕರ್ನಾಟಕದಲ್ಲಿಯೂ ೨೦೨೫ರ ಫೆಬ್ರವರಿಯಲ್ಲಿ ಅಂಥ ಆಜ್ಞೆಯೊಂದು ಹೊರಟು, ಬಲಾತ್ಕಾರದ ವಸೂಲಿಗೆ ಹತ್ತು ವರುಷಗಳ ತನಕ ಸೆರೆಯೂ ಐದು ಲಕ್ಷ ರೂಪಾಯಿಗಳ ತನಕ ದಂಡವೂ ನೇಮಕವಾದವು. ಇದಕ್ಕೆ ಮುಂಚೆಯೇ, ೨೦೨೨ರ ಏಪ್ರಿಲಿನಿಂದ ರಿಜರ್ವ್ ಬ್ಯಾಂಕಿನ ನಿಯಮಗಳು ಜಾರಿಯಲ್ಲಿವೆ. ಅವುಗಳ ಪ್ರಕಾರ ಒಂದು ಮನೆಯವರು ಕಟ್ಟುವ ಎಲ್ಲಾ ಕಂತುಗಳು ಸೇರಿ ಅವರ ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆಯೂ ಸಂಜೆ ಆರರ ಮೇಲೆಯೂ ಕರೆಮಾಡಿ ಪೀಡಿಸಕೂಡದು. ಬಯ್ಯಕೂಡದು, ಬೆದರಿಸಕೂಡದು, ನೆಂಟರನ್ನೂ ಸ್ನೇಹಿತರನ್ನೂ ಕಾಡಕೂಡದು. ವಸೂಲಿಯು ಇಬ್ಬರೂ ಒಪ್ಪಿದ ಸ್ಥಳದಲ್ಲಿಯೇ ನಡೆಯತಕ್ಕದ್ದು. ಸಾಲಗಾರಳು ಎರಡು ಸಾರಿಯಾದರೂ ಬಾರದೆ ಹೋದ ಹೊರತು ಮನೆಯ ಬಾಗಿಲಿಗೆ ಹೋಗಕೂಡದು.

ಈ ಕಡೆಯ ನಿಯಮವನ್ನು ಓದಿದಾಗ ನಮಗೆ ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯವು ನೆನಪಿಗೆ ಬಂತು. ಸಾಲ ಕೊಟ್ಟವನು ಒತ್ತೆಯನ್ನು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಕ್ಕೆ ನುಗ್ಗದೆ ಹೊರಗೆ ನಿಂತು ಕಾಯಬೇಕೆಂದು ಅಲ್ಲಿ ವಿಧಿಸಲ್ಪಟ್ಟಿದೆ. ಬಡವನ ಮನೆಯ ಹೊಸ್ತಿಲಿಗೂ ಒಂದು ಮಾನ ಉಂಟೆಂಬದು ಅಷ್ಟು ಹಳೆಯ ಕಾಲದಲ್ಲಿಯೇ ತಿಳಿದಿತ್ತು. ನಮ್ಮ ಒಂಬತ್ತು ಮಂದಿ ಸಹೋದರಿಯರು ಒಂದೇ ದಿನ ತಪ್ಪಿದ್ದಕ್ಕೆ ಆ ಹೊಸ್ತಿಲನ್ನು ದಾಟಿದರು. ಅವರನ್ನು ಅಲ್ಲಿಗೆ ಅಟ್ಟಿದ್ದು ಭಯವೇ ಹೊರತು ದ್ವೇಷವಲ್ಲ; ಆಕೆಯ ಕಂತು ತಮ್ಮ ತಲೆಯ ಮೇಲೆ ಬೀಳುವದೆಂದೂ ತಮಗೆ ಮುಂದಿನ ಸಾಲ ಸಿಕ್ಕದೆಂದೂ ಅವರು ಹೆದರಿದ್ದರು.

ಬಳಿಕ ನಾವು ಆಕೆಯ ಮನೆಗೆ ಹೋದೆವು. ಆಕೆಯ ಗಂಡನಿಗೆ ಜ್ವರ ಬಂದು ಹತ್ತು ದಿನ ಕೂಲಿ ತಪ್ಪಿತ್ತು. ಅದನ್ನು ಆ ಮಂಗಳವಾರ ಯಾರೂ ಕೇಳಿರಲಿಲ್ಲ. ನಾವು ಕ್ಷಮೆ ಕೇಳಿದಾಗ ಆಕೆ, “ಕೂತ್ಕೊಳ್ಳಿ ಉಪದೇಶಿಯವರೇ” ಎಂದು ಮಣೆ ಹಾಕಿದಳೇ ಹೊರತು ಬರುತ್ತೇನೆಂದು ಹೇಳಲಿಲ್ಲ. ಸಭೆಯ ಹಿರಿಯರು ಕೂಡಿ, ಮುಷ್ಟಿ ಅಕ್ಕಿಯ ಹಣದಲ್ಲಿ ಒಂದು ಪಾಲನ್ನು ಹೀಗೆ ಸಿಕ್ಕಿಬಿದ್ದವರ ಒಂದೆರಡು ಕಂತುಗಳಿಗೆ ಬಡ್ಡಿಯಿಲ್ಲದೆ ಕೊಡಬೇಕೆಂದು ನಿಶ್ಚಯಿಸಿದರು. ಪೆಟ್ಟಿಗೆ ಚಿಕ್ಕದು, ಬಹಳ ದಿನ ತಾಳಲಾರದು. ಜಗಲಿಯ ವಿಷಯದಲ್ಲಿ ಹಿರಿಯರ ಅಭಿಪ್ರಾಯ ಒಂದಾಗಲಿಲ್ಲ. ವಸೂಲಿಯನ್ನು ಬೇರೆ ಕಡೆಗೆ ಅಟ್ಟಿದರೆ ಅಲ್ಲಿ ನೋಡುವವರು ಯಾರೂ ಇರಲಿಕ್ಕಿಲ್ಲ ಎಂದು ಒಬ್ಬ ಹಿರಿಯರು ಹೇಳಿದ ಮಾತು ನಮಗೂ ಸರಿಯೆಂದು ಕಂಡಿತು. ಈಗ ಮಂಗಳವಾರಗಳಲ್ಲಿ ನಾವು ಒಳಗೆ ಕೂಡ್ರದೆ ಜಗಲಿಯಲ್ಲಿಯೇ ಕುಳಿತು ಲೆಕ್ಕ ಬರೆಯುತ್ತೇವೆ.

ಬರುವ ಬುಧವಾರದ ಕೂಟದಲ್ಲಿ ನೆಹೆಮೀಯನ ಆ ಅಧ್ಯಾಯದ ಮೊದಲ ಹದಿಮೂರು ವಚನಗಳನ್ನು ಓದೋಣ. ಸಾಲವುಳ್ಳವರು ತಮ್ಮ ಸಾಲದ ಕಾರ್ಡುಗಳನ್ನು ತರಲಿ. ಓದಲು ಬಾರದವರಿಗೆ ಶಾಲೆಯ ಮಕ್ಕಳು ಓದಿ ಹೇಳುವರು.