ಬಂಡಿಯ ಅಂದಚಂದ

ಆಯುಧಪೂಜೆಯ ದಿನ ಹರಿಹರ ತಾಲ್ಲೂಕಿನ ಕೊಕ್ಕನೂರಿನಂಥ ಊರಿನಲ್ಲಿ ಬೆಳಗಿನಿಂದಲೇ ಸಡಗರ. ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಸೀಮೆಯದು. ಕುಡುಗೋಲು, ಗುದ್ದಲಿಗಳೊಡನೆ ಟ್ರ್ಯಾಕ್ಟರು, ಸರಕಿನ ಆಟೋ, ಮೋಟಾರು ಸೈಕಲ್ಲು, ಕಾರುಗಳೂ ಪೂಜೆಗೆ ಅಣಿಯಾಗುತ್ತವೆ. ಮೈತೊಳೆದು, ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ತೊಡಿಸಿದ ಮೇಲೆ ಎಲ್ಲ ಬಂಡಿಗಳೂ ಚೆಲುವಾಗಿಯೇ ಕಾಣಬೇಕು. ಆದರೆ ಅವುಗಳ ಸುತ್ತ ಸುಳಿಯುವ ಮಕ್ಕಳ ಕಣ್ಣು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಂದು ಕಾರು ಸಿಟ್ಟಿನಿಂದ ನೋಡುತ್ತಿದೆ ಎನ್ನುತ್ತಾರೆ. ಇನ್ನೊಂದು ಕಪ್ಪೆಯ ಹಾಗಿದೆ ಎಂದು ನಗುತ್ತಾರೆ. ನಕ್ಕ ಮೇಲೂ ಆ ಕಪ್ಪೆಯ ಬಳಿಯೇ ಹೋಗಿ ಅದರ ಬೆನ್ನು ತಟ್ಟುತ್ತಾರೆ. ತಗಡು, ಗಾಜು, ರಬ್ಬರುಗಳಿಂದಾದ ಒಂದು ಯಂತ್ರ ಚೆಲುವೆನಿಸುವುದೇಕೆ? ಕುರೂಪವೆನಿಸುವುದೇಕೆ? ಕುರೂಪವೆಂದು ಹೇಳಿದ ಬಾಯಿಂದಲೇ ಮುದ್ದೆಂದು ಹೇಳಿಸಿಕೊಳ್ಳುವುದೇಕೆ?

ಮಕ್ಕಳ ಮಾತಿನಲ್ಲಿಯೇ ಉತ್ತರದ ಮೊದಲ ಎಳೆಯಿದೆ. ಅವರು ಕಾರನ್ನು ನೋಡುತ್ತಿಲ್ಲ, ಅದರ ಮುಖವನ್ನು ನೋಡುತ್ತಿದ್ದಾರೆ. ಎರಡು ದೀಪಗಳು ಎರಡು ಕಣ್ಣುಗಳಾಗುತ್ತವೆ. ಎಂಜಿನ್ನಿಗೆ ಗಾಳಿ ಹೋಗಲೆಂದು ಮುಂಭಾಗದಲ್ಲಿಟ್ಟ ಜಾಲರಿ ಬಾಯಾಗುತ್ತದೆ. ಮುಖವನ್ನು ಗುರುತಿಸುವ ಶಕ್ತಿ ಮನುಷ್ಯನಿಗೆ ಹುಟ್ಟಿನೊಡನೆ ಬಂದದ್ದು. ಆದುದರಿಂದ ಮೋಡದಲ್ಲಿ, ಬಂಡೆಯಲ್ಲಿ, ಒಲೆಯ ಬೂದಿಯಲ್ಲಿ ಸಹ ಆತ ಮುಖವನ್ನು ಕಾಣುತ್ತಾನೆ. ವಿಯೆನ್ನಾ ನಗರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾರುಗಳ ಮುಂಭಾಗವನ್ನು ತೋರಿಸಿ ಜನರ ಅಭಿಪ್ರಾಯವನ್ನು ಕೇಳಿದ್ದರು. ಕಿರಿದಾದ ದೀಪ, ಅಗಲವಾದ ಜಾಲರಿಗಳುಳ್ಳ ಕಾರು ಬಲಿಷ್ಠನೂ ಕೋಪಿಷ್ಠನೂ ಆದ ಗಂಡಸಿನಂತೆಯೂ, ದುಂಡನೆಯ ದೊಡ್ಡ ದೀಪಗಳುಳ್ಳದ್ದು ಎಳೆಯ ಮಗುವಿನಂತೆಯೂ ಕಂಡಿತು. ಇದಕ್ಕೆ ಎಷ್ಟೋ ಮುಂಚೆ, 1943ರಲ್ಲಿ, ಕೊನ್ರಾಡ್ ಲೊರೆನ್ಸ್ ಎಂಬ ಪ್ರಾಣಿಶಾಸ್ತ್ರಜ್ಞನು ಎಳೆಯ ಜೀವಿಗಳ ದೊಡ್ಡ ತಲೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ದುಂಡು ಕೆನ್ನೆಗಳು ಹಿರಿಯರಲ್ಲಿ ವಾತ್ಸಲ್ಯವನ್ನು ಎಬ್ಬಿಸುತ್ತವೆಂದು ತೋರಿಸಿಕೊಟ್ಟಿದ್ದನು. ಗುಬ್ಬಚ್ಚಿಯ ಮರಿಗೂ ನಾಯಿಮರಿಗೂ ಸಲ್ಲುವ ಈ ಮಾತು ಒಂದು ಪುಟ್ಟ ಕಾರಿಗೂ ಸಲ್ಲುವುದು ವಿಚಿತ್ರವಾದರೂ ನಿಜ. ನಮ್ಮ ಲಾರಿ ಚಾಲಕರು ಈ ಶಾಸ್ತ್ರವನ್ನು ಓದದೆಯೇ ಬಲ್ಲರು. ಬಂಡಿಯ ಹಿಂದೆ ಕೋರೆಹಲ್ಲಿನ ದೃಷ್ಟಿಬೊಂಬೆಯನ್ನು ಕಟ್ಟುತ್ತಾರೆ. ಬೇಕೆಂದೇ ಕುರೂಪ ಮಾಡಿದ ಬೊಂಬೆಯದು. ಕೂಸಿನ ಕೆನ್ನೆಯ ಮೇಲಿಡುವ ಕಪ್ಪು ಬೊಟ್ಟಿನ ಅಣ್ಣ.

ಮುಖವಾದ ಮೇಲೆ ನಿಲುವು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಕೊಂಬನ್ನು ಹಿಡಿಯುವುದಿಲ್ಲ. ನಾಲ್ಕು ಮಾರು ದೂರ ನಿಂತು, ಕಾಲುಗಳು ನೆಲವನ್ನು ಹೇಗೆ ಊರಿವೆ, ಎದೆ ಎಷ್ಟು ಅಗಲವಾಗಿದೆ, ಬೆನ್ನು ಎಲ್ಲಿಯಾದರೂ ಕುಗ್ಗಿದೆಯೆ ಎಂದು ನೋಡುತ್ತಾನೆ. ಹಳ್ಳಿಕಾರ್ ಎತ್ತಿನ ಸೊಗಸೆಲ್ಲ ಆ ನಿಲುವಿನಲ್ಲಿದೆ. ಕಾರನ್ನು ನೋಡುವ ಕಣ್ಣು ಕೂಡ ತನಗರಿವಿಲ್ಲದೆ ಇದೇ ಲೆಕ್ಕವನ್ನು ಹಾಕುತ್ತದೆ. ಎತ್ತರಕ್ಕಿಂತ ಅಗಲ ಹೆಚ್ಚಾಗಿ, ಚಕ್ರಗಳು ಮೈಯ ಮೂಲೆಗಳಿಗೆ ಒತ್ತಿ ನಿಂತಿದ್ದರೆ ಬಂಡಿ ಗಟ್ಟಿಯಾಗಿ ನಿಂತಂತೆ ತೋರುತ್ತದೆ. ಎತ್ತರ ಮಿಕ್ಕಿ, ಚಕ್ರ ಚಿಕ್ಕದಾಗಿ ಹೊಟ್ಟೆಯಡಿ ಅಡಗಿದರೆ, ಅಣ್ಣನ ಅಂಗಿಯನ್ನು ತೊಟ್ಟ ತಮ್ಮನಂತೆ ಕಾಣುತ್ತದೆ.

ಇಂಗ್ಲೆಂಡಿನ ಮಾರಿಸ್ ಮೈನರ್ ಎಂಬ ಕಾರಿನ ಕಥೆ ಇದಕ್ಕೊಂದು ಒಳ್ಳೆಯ ನಿದರ್ಶನ. ಅದನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್. ಕಾರು 1948ರಲ್ಲಿ ಹೊರಬರಬೇಕು, ಮಾದರಿ ಸಿದ್ಧವಾಗಿದೆ, ಆದರೂ ಅವನಿಗೆ ನೆಮ್ಮದಿಯಿಲ್ಲ. ಎಲ್ಲಿ ತಪ್ಪಾಗಿದೆಯೆಂದು ಹೇಳಲು ಬಾರದು. ತಪ್ಪಾಗಿದೆಯೆಂಬುದು ಮಾತ್ರ ಖಚಿತ. ಕಡೆಗೆ ಮಾದರಿಯನ್ನು ಮೂಗಿನಿಂದ ಬಾಲದವರೆಗೆ ನಡುವೆ ಸೀಳಿಸಿ, ಎರಡು ಹೋಳುಗಳನ್ನು ಸ್ವಲ್ಪ ಸ್ವಲ್ಪವಾಗಿ ದೂರ ಸರಿಸುತ್ತ ಹೋದನು. ನಾಲ್ಕು ಅಂಗುಲಗಳ ಅಂತರ ಬಂದಾಗ ಕಣ್ಣು ಒಪ್ಪಿತು. ಅಷ್ಟರೊಳಗೆ ಕಾರಿನ ಮುಂದಿನ ಅಡ್ಡಪಟ್ಟಿಗಳು ತಯಾರಾಗಿಬಿಟ್ಟಿದ್ದುದರಿಂದ ಅವನ್ನೂ ಕತ್ತರಿಸಿ ನಡುವೆ ನಾಲ್ಕು ಅಂಗುಲದ ತುಂಡನ್ನು ಸೇರಿಸಬೇಕಾಯಿತು. ಮೊದಲು ತಯಾರಾದ ಕಾರುಗಳ ಮೂತಿಯಲ್ಲಿ ಆ ತೇಪೆ ಎದ್ದು ಕಾಣುತ್ತಿತ್ತು. ಯಾರೂ ಅದನ್ನು ಕುರೂಪವೆನ್ನಲಿಲ್ಲ.

ಬೇರೆ ಬೇರೆಯಾದ ಎರಡು ಹೋಳುಗಳು ಒಂದಾಗಿ ಕಾಣುವುದೆಂದರೇನೆಂಬುದನ್ನು ಅರಿಯಲು ಕೊಕ್ಕನೂರಿನವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಪೋಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದ ದೇಗುಲವಿದೆ. ಒಳಗಿನ ಮೂರ್ತಿ ಅರ್ಧ ಹರ, ಅರ್ಧ ಹರಿ. ಎರಡು ಕಡೆಯ ಲಾಂಛನಗಳೂ ಬೇರೆ ಬೇರೆ. ಆದರೂ ನೋಡುವವನಿಗೆ ಕಾಣುವುದು ಒಬ್ಬನೇ ದೇವರು. ಏಕೆಂದರೆ ನಡುವಿನ ಗೆರೆಯ ಆಚೆ ಈಚೆ ನಿಲುವು ಒಂದೇ, ಅಳತೆ ಒಂದೇ, ಮುಖದ ಭಾವ ಒಂದೇ. ಕೆಲವು ಕಾರುಗಳಲ್ಲಿ ಸೋಲುವುದು ಈ ಹೊಂದಾಣಿಕೆಯೇ. ಅಮೆರಿಕದ ಪಾಂಟಿಯಾಕ್ ಅಜ್ಟೆಕ್ ಎಂಬ ಕಾರು 2000ದಲ್ಲಿ ಮಾರಾಟಕ್ಕೆ ಬಂದಾಗ ಅದರ ಕೆಳಗಿನ ಅರ್ಧ ಒಂದು ಬಂಡಿಯಿಂದಲೂ ಮೇಲಿನ ಅರ್ಧ ಮತ್ತೊಂದರಿಂದಲೂ ಬಂದಂತೆ ತೋರಿತು. ಒಳಗೆ ಅನುಕೂಲವಾಗಿಯೇ ಇದ್ದ ಆ ಕಾರು ಐದು ವರ್ಷಗಳಲ್ಲಿ ಮರೆಯಾಯಿತು. ಅದಕ್ಕೂ ಹಿಂದೆ, 1957ರಲ್ಲಿ, ಫೋರ್ಡ್ ಸಂಸ್ಥೆ ಅಪಾರ ಹಣವನ್ನು ಸುರಿದು ಎಡ್ಸೆಲ್ ಎಂಬ ಕಾರನ್ನು ತಂದಿತು. ಎಲ್ಲ ಕಾರುಗಳ ನಡುವೆ ಎದ್ದು ಕಾಣಲೆಂದು ಅದರ ಮೂತಿಯ ನಡುವೆ ನೆಟ್ಟಗೆ ನಿಂತ ದೊಡ್ಡ ಜಾಲರಿಯನ್ನು ಇಟ್ಟಿದ್ದರು. ಎದ್ದೇನೋ ಕಂಡಿತು, ಜನ ಅದನ್ನು ಕುದುರೆಯ ಕೊರಳಿಗೆ ಹಾಕುವ ಪಟ್ಟಿಗೆ ಹೋಲಿಸಿ ನಕ್ಕರು. ಕಾರು ಸೋತದ್ದಕ್ಕೆ ಬೆಲೆ, ಆ ವರ್ಷದ ವ್ಯಾಪಾರದ ಕುಸಿತ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಮೂಗಿಗಿಂತ ಮೂಗುತಿ ಭಾರವಾದರೆ ಏನಾಗುವುದೆಂಬುದಕ್ಕೆ ಅದೇ ಇಂದಿಗೂ ಹೆಸರಾಗಿ ಉಳಿದಿದೆ.

ಹಾಗಾದರೆ ಟ್ರ್ಯಾಕ್ಟರನ್ನು ಯಾರೂ ಕುರೂಪವೆನ್ನುವುದಿಲ್ಲವೇಕೆ? ಹಿಂದೆ ಆಳೆತ್ತರದ ಚಕ್ರ, ಮುಂದೆ ಅದರರ್ಧದ ಚಕ್ರ, ನೆತ್ತಿಗೆ ಹೊಗೆಯ ಕೊಳವೆ. ಅಳತೆಗೋಲಿನಿಂದ ನೋಡಿದರೆ ಅದು ಕಾರುಗಳ ಸಾಲಿನಲ್ಲಿ ನಿಲ್ಲಲಾರದು. ಆದರೆ ಅದರ ಮೈಮೇಲೆ ಕೆಲಸವಿಲ್ಲದ ಅಂಗ ಬಹಳ ಕಡಿಮೆ. ಕೆಸರುಗದ್ದೆಯಲ್ಲಿ ಹಿಂದಿನ ಚಕ್ರ ಅಷ್ಟು ದೊಡ್ಡದಿರಲೇಬೇಕೆಂಬುದನ್ನು ಭತ್ತದ ಸೀಮೆಯ ಮಗುವೂ ಬಲ್ಲುದು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳ ಚೆಲುವೂ ಇದೇ ಬಗೆಯದು. ಕೆಲಸವನ್ನು ಬಲ್ಲ ಕಣ್ಣು ರೂಪವನ್ನು ಬೇರೆಯಾಗಿ ನೋಡುತ್ತದೆ.

ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಂಥ ಒಂದು ಕಾರನ್ನೇ ಬಯಸಿತು. ಇಬ್ಬರು ರೈತರು ಮತ್ತು 50 ಕಿಲೋ ಆಲೂಗಡ್ಡೆಯನ್ನು ಹೊರಬೇಕು. ಉತ್ತ ಹೊಲದ ಮೇಲೆ ಸಾಗಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಇವು ಅದರ ನಿಬಂಧನೆಗಳು. ಚೆಲುವು ಅವುಗಳಲ್ಲಿ ಮೊದಲಿನದಾಗಿರಲಿಲ್ಲ. 1948ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದನ್ನು ಕಂಡ ಪತ್ರಕರ್ತರು ಗೇಲಿ ಮಾಡಿದರು. ಡಚ್ಚರು ಅದನ್ನು ಕುರೂಪಿ ಬಾತುಕೋಳಿ ಎಂದು ಕರೆದರು. ರೈತರು ಮಾತ್ರ ಕೊಂಡರು. 1990ರ ವರೆಗೆ 38 ಲಕ್ಷಕ್ಕೂ ಹೆಚ್ಚು ಬಾತುಕೋಳಿಗಳು ತಯಾರಾದವು. ಅಷ್ಟು ಹೊತ್ತಿಗೆ ಆ ಬೈಗುಳವೇ ಮುದ್ದಿನ ಹೆಸರಾಗಿತ್ತು.

ನಮ್ಮ ನಾಡಿನಲ್ಲಿಯೂ ಒಂದು ಬಾತುಕೋಳಿ ಹುಟ್ಟಿತ್ತು. ಅದರ ಹೆಸರು ರೇವಾ. ಬೆಂಗಳೂರಿನ ಬೊಮ್ಮಸಂದ್ರದ ಕಾರ್ಖಾನೆಯಿಂದ 2001ರಲ್ಲಿ ಹೊರಬಂದ ಈ ವಿದ್ಯುತ್ ಕಾರಿನ ಹಿಂದೆ ಚೇತನ್ ಮೈನಿ ಎಂಬ ತರುಣ ಎಂಜಿನಿಯರರ ಅನೇಕ ವರ್ಷಗಳ ಪ್ರಯತ್ನವಿತ್ತು. ಪೆಟ್ರೋಲಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಮನೆಯ ವಿದ್ಯುತ್ತಿನಿಂದಲೇ ಬ್ಯಾಟರಿಯನ್ನು ತುಂಬಿಸಿಕೊಂಡು ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಆದರೆ ಅದನ್ನು ಕಂಡವರು ಮೊದಲು ನಕ್ಕರು. ಏಕೆ ನಕ್ಕರೆಂಬುದನ್ನು ಅಳತೆಯೇ ಹೇಳುತ್ತದೆ. ರೇವಾ ಕಾರಿನ ಉದ್ದ ಸುಮಾರು 2.6 ಮೀಟರು, ಅಗಲ 1.3 ಮೀಟರು, ಎತ್ತರ 1.5 ಮೀಟರು. ಎಂದರೆ ಅಗಲಕ್ಕಿಂತ ಎತ್ತರವೇ ಹೆಚ್ಚು. ಹಳೆಯ ಅಂಬಾಸಿಡರ್ ಕಾರಿನ ಉದ್ದ 4.3 ಮೀಟರು, ಅದರ ಅಗಲ ಎತ್ತರಕ್ಕಿಂತ ತುಸು ಹೆಚ್ಚು. ಮಾರುತಿ 800 ಕಾರಿನದೂ ಹಾಗೆಯೇ. ಅವುಗಳಿಗೆ ಒಗ್ಗಿದ ಕಣ್ಣಿಗೆ ರೇವಾ ಕಾರು, ಎರಡೂ ಕಡೆಯಿಂದ ಒತ್ತಿ ಮೇಲಕ್ಕೆ ಉಬ್ಬಿಸಿದಂತೆ ಕಂಡಿತು. ಆದರೆ ಆ ರೂಪ ಹುಚ್ಚಾಟದಿಂದ ಬಂದುದಲ್ಲ. ಸೀಸದ ಬ್ಯಾಟರಿಗಳು ಬಲು ಭಾರ. ಅವುಗಳಿಗೆ ಆಸನದ ಕೆಳಗೆ ಜಾಗ ಬೇಕು. ಮುಂದೆ ಇಬ್ಬರು ಹಿರಿಯರು, ಹಿಂದೆ ಇಬ್ಬರು ಮಕ್ಕಳು ಕುಳಿತುಕೊಳ್ಳಬೇಕು. ಕಾರು ಇಕ್ಕಟ್ಟಿನ ಬೀದಿಯಲ್ಲಿ ತಿರುಗಬೇಕು. ಅಡ್ಡಕ್ಕೆ ಬೆಳೆಯುವಂತಿಲ್ಲವಾದ್ದರಿಂದ ಅದು ಮೇಲಕ್ಕೆ ಬೆಳೆಯಿತು.

2004ರಿಂದ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಾಡತೊಡಗಿತು. ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ವಿಧಿಸಿದ್ದ ಸುಂಕ ವಿದ್ಯುತ್ ಕಾರುಗಳಿಗಿರಲಿಲ್ಲ. ಅಲ್ಲಿಯ ಪತ್ರಿಕೆಗಳೂ ದೂರದರ್ಶನವೂ ಅದನ್ನು ಜಗತ್ತಿನ ಕುರೂಪಿ ಕಾರುಗಳ ಸಾಲಿಗೆ ಸೇರಿಸಿ ಹಾಸ್ಯ ಮಾಡಿದವು. ಕೊಂಡವರಲ್ಲಿ ಅನೇಕರು ಅದರ ಮೇಲೆ ಪ್ರೀತಿಯಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕೊಂಡವರಿಗೂ ಸಲ್ಲುವುದೇನೋ! ಆದರೆ ಈ ನಗು ಮತ್ತು ಮುದ್ದುಗಳ ನಡುವೆ ಕೇಳಬೇಕಾದ ಒಂದು ಪ್ರಶ್ನೆ ಹಿಂದೆ ಉಳಿದಿತ್ತು. ಡಿಕ್ಕಿಯಾದರೆ ಒಳಗಿದ್ದವರು ಉಳಿಯುವರೆ? ಕಾನೂನಿನ ಲೆಕ್ಕದಲ್ಲಿ ಜಿ-ವಿಜ್ ಕಾರೇ ಅಲ್ಲ, ಹಗುರವಾದ ನಾಲ್ಕು ಚಕ್ರದ ಸೈಕಲ್ಲಿನ ವರ್ಗಕ್ಕೆ ಸೇರಿದ್ದು. ಆದುದರಿಂದ ಕಾರುಗಳಿಗೆ ಕಡ್ಡಾಯವಾಗಿದ್ದ ಡಿಕ್ಕಿಯ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳು ಆತಂಕವನ್ನು ಉಂಟುಮಾಡಿದವು. ಬಳಿಕ ಕಾರಿನ ರಚನೆಯನ್ನು ಸುಧಾರಿಸಲಾಯಿತು. ಮೂತಿ ಸೊಟ್ಟಗಿದೆಯೆಂದು ನಕ್ಕವರಿಗೂ ಮುದ್ದಾಗಿದೆಯೆಂದು ಕೊಂಡವರಿಗೂ ಮೂತಿಯನ್ನು ನೋಡಿ ಇದು ಗೊತ್ತಾಗುವಂತಿರಲಿಲ್ಲ. ಕಣ್ಣು ಬಹಳವನ್ನು ಹೇಳುತ್ತದೆ, ಎಲ್ಲವನ್ನೂ ಹೇಳುವುದಿಲ್ಲ. 2012ರಲ್ಲಿ ನಿಲ್ಲುವ ವೇಳೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ರೇವಾ ಕಾರುಗಳು ತಯಾರಾಗಿದ್ದವು. ಸಂಖ್ಯೆ ಚಿಕ್ಕದು. ಆದರೆ ವಿದ್ಯುತ್ ಕಾರು ದಿನನಿತ್ಯದ ಕೆಲಸಕ್ಕೆ ಒದಗಬಲ್ಲುದೆಂದು ತೋರಿಸಿದ ಮೊದಲಿಗರಲ್ಲಿ ಈ ಬೆಂಗಳೂರಿನ ಬಾತುಕೋಳಿಯೂ ಒಂದು.

ಅಗಲಕ್ಕಿಂತ ಎತ್ತರ ಹೆಚ್ಚಾದ ಮತ್ತೊಂದು ಕಾರು 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೋ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಸಾಗುತ್ತಿದ್ದ ಕುಟುಂಬವನ್ನು ಕಂಡು ರತನ್ ಟಾಟಾ ಅವರಿಗೆ ಆ ಕಾರಿನ ಆಲೋಚನೆ ಹೊಳೆಯಿತು. ದುಂಡನೆಯ ಮೈ, ಅಗಲವಾದ ಕಣ್ಣು. ಲೊರೆನ್ಸನ ಮಾತಿನಂತೆ ಅದು ಎಲ್ಲರಿಗೂ ಮುದ್ದಾಗಬೇಕಿತ್ತು. ಆದರೆ ಒಂದು ಲಕ್ಷ ರೂಪಾಯಿಯ ಕಾರು, ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹೆಸರು ಅದರ ಹಣೆಗೆ ಅಂಟಿತು. ಮನೆಯ ಮುಂದೆ ನಿಂತ ಕಾರಿನಲ್ಲಿ ನೆರೆಯವರು ತನ್ನ ಬಡತನವನ್ನು ಓದುವರೆಂಬ ಅಳುಕು ಕೊಳ್ಳುವವನಿಗೆ ಬಂದರೆ, ಆ ಕಾರು ಅವನ ಕಣ್ಣಿಗೆ ಚೆಲುವಾಗುವುದು ಕಷ್ಟ. 2018ರಲ್ಲಿ ಅದರ ತಯಾರಿಕೆ ನಿಂತಿತು. ಇದೇ ಕಣ್ಣು ಅಂಬಾಸಿಡರನ್ನು ನೋಡಿದ ಬಗೆ ಬೇರೆ. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರಿನ ರೂಪವನ್ನು ತಳೆದು, 2014ರ ವರೆಗೆ ಹೆಚ್ಚು ಬದಲಾಗದೆ ತಯಾರಾದ ಕಾರದು. ಡೊಳ್ಳುಹೊಟ್ಟೆ, ಗುಂಡು ನೆತ್ತಿ. ಹೊಸ ಕಾರುಗಳು ಬಂದಾಗ ಅದೂ ನಗೆಗೀಡಾಯಿತು. ಆದರೆ ಮಂತ್ರಿಗಳು ಇಳಿದದ್ದು ಅದರಿಂದ. ಮದುವಣಗಿತ್ತಿ ಕುಳಿತದ್ದು ಅದರಲ್ಲಿ. ಅಂಥ ನೆನಪುಗಳು ಮೆತ್ತಿಕೊಂಡ ಮೇಲೆ ಡೊಳ್ಳುಹೊಟ್ಟೆಯೇ ಗಾಂಭೀರ್ಯವಾಯಿತು.

ಈಗ ದಾವಣಗೆರೆ, ಹರಿಹರಗಳ ರಸ್ತೆಗಳಲ್ಲಿ ಹಸಿರು ಫಲಕದ ವಿದ್ಯುತ್ ವಾಹನಗಳು ಓಡಾಡುತ್ತಿವೆ. ಪೆಟ್ರೋಲ್ ಎಂಜಿನ್ ಇಲ್ಲದ ಮೇಲೆ ಮುಂಭಾಗದಲ್ಲಿ ಅಷ್ಟು ದೊಡ್ಡ ಜಾಲರಿಯ ಅಗತ್ಯವಿಲ್ಲ. ಆದರೆ ಬಾಯಿಯಿಲ್ಲದ ಮುಖವನ್ನು ಜನ ಮೆಚ್ಚುವರೋ ಇಲ್ಲವೋ ಎಂಬ ಅಂಜಿಕೆಯಿಂದ, ಗಾಳಿ ಹೋಗದ ಹುಸಿಜಾಲರಿಯನ್ನು ಕೆಲವು ಕಾರುಗಳಿಗೆ ಅಂಟಿಸುತ್ತಾರೆ. ಇನ್ನು ಕೆಲವು ಕಾರುಗಳ ಮೂತಿ ನುಣ್ಣಗೆ ಬೋಳಾಗಿರುತ್ತದೆ. ಆಯುಧಪೂಜೆಯ ಸಾಲಿನಲ್ಲಿ ಅಂಥದೊಂದು ಬೋಳುಮೂತಿಯ ಬಂಡಿ ಬಂದು ನಿಂತಾಗ, ಬಾಯಿಲ್ಲದ ಇದಕ್ಕೆ ಎಲ್ಲಿಗೆ ಕುಂಕುಮವಿಡುವುದೆಂದು ಹಿರಿಯರು ಒಂದು ಕ್ಷಣ ತಡೆಯಬಹುದು. ಮಕ್ಕಳು ಅಷ್ಟು ಹೊತ್ತಿಗೆ ಅದಕ್ಕೊಂದು ಹೆಸರಿಟ್ಟಿರುತ್ತಾರೆ.