ಮಳೆಗಾಲದಲ್ಲಿ ಕಾರಿನ ಬಣ್ಣ ಮತ್ತು ಸೀಟುಗಳ ರಕ್ಷಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಬೆಳೆಗಾರರ ಕಾರು ಪೇಟೆಯವರ ಕಾರಿನಂತಲ್ಲ. ಮನೆಮಂದಿ ಮದುವೆ-ಮುಂಜಿಗೆ ಹೋಗುವ ವಾಹನದಲ್ಲಿಯೇ ಮೈಲುತುತ್ತ, ಸುಣ್ಣ, ಗೊಬ್ಬರದ ಚೀಲಗಳೂ ಬರುತ್ತವೆ. ಆದ್ದರಿಂದ ಅದರ ಬಣ್ಣಕ್ಕೆ ಮಳೆಯಷ್ಟೇ ಕೊಳೆ ಔಷಧಿಯೂ ವೈರಿ.

ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಪಾಕ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಕತ್ತಿಗೆ ಕೆಂಪು ಬಣ್ಣ ಹತ್ತುತ್ತದೆ. ಕಬ್ಬಿಣ ಕರಗಿ, ಆ ಜಾಗದಲ್ಲಿ ತಾಮ್ರ ಕುಳಿತಿದೆ ಎಂದು ಇದರ ಅರ್ಥ. ಗೀರು ಬಿದ್ದು ತಗಡು ಕಾಣುವಲ್ಲಿ ಮೈಲುತುತ್ತದ ನೀರು ತಾಗಿದರೆ ಕಾರಿಗೂ ಇದೇ ಗತಿ. ಕುಳಿತ ತಾಮ್ರ ತೇವದಲ್ಲಿ ತುಕ್ಕನ್ನು ಇನ್ನೂ ಚುರುಕುಗೊಳಿಸುತ್ತದೆ. ಸತುವಿನ ಲೇಪವಿರುವ ತಗಡಿಗೂ ವಿನಾಯಿತಿಯಿಲ್ಲ. ಮೈಲುತುತ್ತ ಸತುವನ್ನೂ ತಿನ್ನುತ್ತದೆ.

ಆದಕಾರಣ ಮೈಲುತುತ್ತವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ತರಬೇಕು. ಔಷಧಿ ಸಿಂಪಡಿಸುವ ದಿನ ಕಾರನ್ನು ತೋಟದ ಅಂಚಿನಲ್ಲಿ ನಿಲ್ಲಿಸಬಾರದು. ಹನಿ ಬಿದ್ದರೆ ಅಂದೇ ಧಾರಾಳ ನೀರಿನಿಂದ ತೊಳೆಯಿರಿ. ಒಣಗಿ ಕಲೆಯಾಗಿದ್ದರೆ ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿ, ಮೆತ್ತಗಾದ ಮೇಲೆ ತೊಳೆಯಬೇಕು. ಉಗುರಿನಿಂದ ಕೆರೆದರೆ ಸುಣ್ಣದ ಕಣವೇ ಬಣ್ಣವನ್ನು ಗೀರುತ್ತದೆ. ಕೆಂಪು ಧೂಳನ್ನು ಒಣಬಟ್ಟೆಯಿಂದ ಒರೆಸುವುದೂ ಇಷ್ಟೇ ಕೆಟ್ಟದ್ದು. ಹಳೆಯ ಗೀರುಗಳಿದ್ದರೆ ಮಳೆ ಹಿಡಿಯುವ ಮೊದಲೇ ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ ಬಣ್ಣ ಕೊಡಿಸುವುದು ಲೇಸು. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಇವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕೆಸರು, ದರಕು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ.

ಇನ್ನು ಸೀಟು. ಚರ್ಮದ್ದೆಂದು ಹೇಳುವ ಸೀಟುಗಳಲ್ಲಿ ಹಲವು ರೆಕ್ಸಿನ್ನಿನವು. ಅವಕ್ಕೆ ಸಾಬೂನು ನೀರಿನ ಬಟ್ಟೆ ಸಾಕು. ನಿಜವಾದ ಚರ್ಮಕ್ಕೆ ಆಷಾಢದ ಥಂಡಿಯಲ್ಲಿ ಬೂಷ್ಟು ಬರುತ್ತದೆ. ಅದನ್ನು ಕಾರಿನ ಹೊರಗೆ ಬೀಳುವಂತೆ ಒಣಬಟ್ಟೆಯಿಂದ ಒರೆಸಿ, ಆಮೇಲೆ ಸೌಮ್ಯ ಸಾಬೂನಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಗಾಳಿಗೆ ಒಣಗಿಸಬೇಕು. ತೆಂಗಿನೆಣ್ಣೆ ಹಚ್ಚುವ ರೂಢಿ ಒಳ್ಳೆಯದಲ್ಲ. ಎಣ್ಣೆ ಕಮಟು ಹಿಡಿಯುತ್ತದೆ, ಧೂಳನ್ನೂ ಹಿಡಿಯುತ್ತದೆ. ಚರ್ಮಕ್ಕೆಂದೇ ಮಾಡಿದ ಕ್ರೀಮನ್ನು ಒಣಹವೆಯಲ್ಲಿ ತೆಳ್ಳಗೆ ಹಚ್ಚಿದರಾಯಿತು.

ಮಳೆ ಬಿಡುವು ಕೊಟ್ಟ ದಿನ ಎರಡು ತಾಸಾದರೂ ಬಾಗಿಲು ತೆರೆದಿಡಿ. ನೆಲಕ್ಕೆ ಹಾಸಿದ ಮ್ಯಾಟನ್ನು ಎತ್ತಿ ಕೆಳಗೆ ಕೈಯಾಡಿಸಿ ನೋಡಿ. ಸೀಟಿನ ಬೂಷ್ಟಿಗೆ ಬೇಕಾದ ತೇವ ಬಹಳ ಸಲ ಅಲ್ಲಿಯೇ ಅಡಗಿರುತ್ತದೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಚೀಲ ಹೇರುವುದಾದರೆ ಸೀಟಿನ ಮೇಲೆ ತಾಡಪತ್ರಿ ಹಾಸಿರಿ. ಚೊಗರಿನ ಕಲೆ ಚರ್ಮಕ್ಕೆ ಇಳಿದರೆ ಮತ್ತೆ ಹೋಗುವುದು ಕಷ್ಟ.