ಹಿಂಗಾರಿ ಜೋಳದ ಇಳುವರಿ : ಏರುಪೇರಿನ ಕಾರಣಗಳು

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಜನರಿಗೆ ರೊಟ್ಟಿ, ದನಗಳಿಗೆ ಕಣಿಕೆ. ದಾಸೋಹಕ್ಕೆ ಭಕ್ತರು ತರುವ ಚೀಲವೂ ಬಹುಮಟ್ಟಿಗೆ ಇದರದೇ. ಆದರೆ ಇದರ ಇಳುವರಿಯು ವರ್ಷದಿಂದ ವರ್ಷಕ್ಕೆ ಮಾತ್ರವಲ್ಲ, ಒಂದೇ ಊರಿನಲ್ಲಿ ಹೊಲದಿಂದ ಹೊಲಕ್ಕೂ ಭಿನ್ನವಾಗುತ್ತದೆ. ಇದನ್ನು ದೈವದ ಮೇಲೆ ಹೊರಿಸಿ ಸುಮ್ಮನಿರುವುದು ಕಾಯಕವನ್ನು ನಂಬಿದವರಿಗೆ ತಕ್ಕುದಲ್ಲ.

ಮೊದಲನೆಯ ಕಾರಣ ಮಣ್ಣಿನ ಆಳ. ಈ ಬೆಳೆಯು ಬಿತ್ತಿದ ಮೇಲಿನ ಮಳೆಗಿಂತ ಮೊದಲೇ ಮಣ್ಣಿನಲ್ಲಿ ಕೂಡಿದ ತೇವವನ್ನು ನೆಚ್ಚಿದೆ. ಒಂದು ಮೀಟರು ಆಳದ ಎರೆಮಣ್ಣು ಸುಮಾರು ೧೫೦ರಿಂದ ೨೦೦ ಮಿಲಿಮೀಟರಿನಷ್ಟು ನೀರನ್ನು ಬೆಳೆಗೆ ಒದಗಿಸಬಲ್ಲದು. ೩೦ ಸೆಂಟಿಮೀಟರಿಗೇ ಗರಸು ತಗಲುವ ಹೊಲದಲ್ಲಿ ಅದರ ಮೂರನೆಯ ಒಂದು ಭಾಗವೂ ನಿಲ್ಲದು. ಮಳೆ ಸಮನಾಗಿ ಬಿದ್ದರೂ ಹಗೇವು ಸಮನಾಗಿ ತುಂಬದಿರುವುದು ಇದರಿಂದಲೇ.

ಎರಡನೆಯದು ನೀರು ಇಂಗಿಸುವ ಕ್ರಮ. ಒಂದು ಎಕರೆಯ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆಯೆಂದರೆ ಸುಮಾರು ೪,೦೦೦ ಲೀಟರು ನೀರು. ಮುಂಗಾರಿನಲ್ಲಿಯೇ ಹೊಲವನ್ನು ಚೌಕು ಮಡಿಗಳಾಗಿ ವಿಂಗಡಿಸಿದವನು ಅದನ್ನು ಹಿಡಿದಿಡುತ್ತಾನೆ. ಇಲ್ಲವಾದರೆ ಅದು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಬೆಳೆ ಎದ್ದ ಮೇಲೆ ಎಡೆ ಹೊಡೆದರೆ ಬಿರುಕು ಮುಚ್ಚಿ ತೇವ ಆರುವುದು ತಗ್ಗುತ್ತದೆ.

ಮೂರನೆಯದು ಬಿತ್ತನೆಯ ಕಾಲ. ಸೆಪ್ಟೆಂಬರಿನ ಉತ್ತರಾರ್ಧದಿಂದ ಅಕ್ಟೋಬರಿನ ನಡುವಿನೊಳಗೆ, ಉತ್ತರೆ-ಹಸ್ತೆಯ ಹದದಲ್ಲಿ ಬಿತ್ತುವುದು ಲೇಸು. ತಡವಾದರೆ ಕಾಳು ಕಟ್ಟುವ ಹೊತ್ತಿಗೆ ತೇವ ತೀರುತ್ತದೆ. ಆಗ ಮಣ್ಣಿನಲ್ಲಿದ್ದ ಶಿಲೀಂಧ್ರವು ಬಲಗೊಂಡು, ದಂಟಿನ ಬುಡ ಇದ್ದಿಲಿನಂತೆ ಕಪ್ಪಾಗಿ, ಬೆಳೆ ನೆಲಕ್ಕೊರಗುತ್ತದೆ. ಒಂದೇ ಸೀಮೆಯವರು ಹಿಂದುಮುಂದಾಗಿ ಬಿತ್ತಿದರೆ ಸುಳಿನೊಣವು ಮೊದಲಿನ ಹೊಲದಲ್ಲಿ ವೃದ್ಧಿಸಿ ತರುವಾಯದ ಹೊಲದ ಎಳೆಯ ಸಸಿಗಳನ್ನು ಮುತ್ತುತ್ತದೆ. ಆದುದರಿಂದ ಬಿತ್ತನೆಯಲ್ಲಿ ಊರೊಟ್ಟಿನ ಒಮ್ಮತ ಬೇಕು.

ನಾಲ್ಕನೆಯದು ತಳಿ. ಮಾಲದಂಡಿ, ಅರ್ಥಾತ್ ಎಂ ೩೫-೧, ೧೯೩೦ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ್ದು. ಅನೇಕ ಹೊಸ ತಳಿಗಳು ಬಂದರೂ ರೈತರು ಇದನ್ನು ಕೈಬಿಟ್ಟಿಲ್ಲ. ಸುಗ್ಗಿಯ ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಡುವುದಕ್ಕಿಂತ ಬರದಲ್ಲಿ ಬರಿಗೈ ಮಾಡದಿರುವುದೇ ಬಡವನಿಗೆ ದೊಡ್ಡದು.

ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷ ಕರ್ನಾಟಕವು ತೀವ್ರ ಬರವನ್ನು ಕಂಡಿತು. ಘೋಷಣೆಯಿಂದ ತೆನೆ ತುಂಬದು. ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ; ಬಿದ್ದುದನ್ನು ಅಳೆಯುವುದೂ ಉಳಿಸುವುದೂ ಇದೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಮಕ್ಕಳ ಕೈಯಲ್ಲಿ ತಮ್ಮ ತಮ್ಮ ಹೊಲದ ಆಳ, ಬಿತ್ತನೆಯ ದಿನ, ರಾಶಿಯ ತೂಕ ಬರೆದಿಡುವ ಒಂದು ಪುಸ್ತಕ: ಇಷ್ಟನ್ನು ಶಿಕ್ಷಕರೂ ದಾನಿಗಳೂ ಒದಗಿಸಿದರೆ ವಿಜ್ಞಾನದ ಪಾಠವು ಹೊಲದವರೆಗೆ ನಡೆದುಹೋದೀತು.